ಚೀಟಿ ಅಂಟಿಸಿದ ಮನೆ

ಮಳವಳ್ಳಿ
18–6–1944

ದೇವಿ,

‘ಉಭಯ ಕುಶಲೋಪರಿ’ ಎಂದು ಶುರುಮಾಡಬೇಕಂತೆ. ನೀನೂ ಕುಶಲವಾಗಿಲ್ಲ, ನಾನೂ ಕುಶಲವಾಗಿಲ್ಲ, ಇನ್ನು ಉಪರಿ ಎಲ್ಲಿಂದ ಬರಬೇಕು? ಇಬ್ಬರೂ ಎಸ್.ಎಸ್.ಎಲ್.ಸಿ.ಯಲ್ಲಿ ಡುಮ್ಕಿ ಹೊಡೆದವರು. ಅದೂ ಇಂಗ್ಲಿಷ್ ಒಂದರಲ್ಲೇ. ಲೆಕ್ಕ, ಚರಿತ್ರೆ ಎಲ್ಲವನ್ನೂ ದಾಟಿ ಬಂದು ಈ ಒಂದು ಮೋರಿಯಲ್ಲಿ ಜೋಡಿಯಾಗಿ ಬಿದ್ದೆವಲ್ಲ, ನೆನೆದರೆ ಒಮ್ಮೆ ಅಳು ಬರುತ್ತದೆ, ಒಮ್ಮೆ ನಗು ಬರುತ್ತದೆ.

ಮಂಡ್ಯದ ಮನೆ ಖಾಲಿಮಾಡಿ ಇಲ್ಲಿಗೆ ಬಂದೆವು. ಅಬ್ಬಾಗೆ ಇಲ್ಲಿ ಬಸ್ಸು ರಿಪೇರಿ ಕೆಲಸ. ಯುದ್ಧದಿಂದ ಪೆಟ್ರೋಲ್ ಸಿಗದೆ ಎಲ್ಲ ಬಸ್ಸಿಗೂ ಹಿಂದೆ ಇದ್ದಿಲಿನ ಒಲೆ ಕಟ್ಟಿದ್ದಾರೆ. ಅದು ಉರಿದು ಗ್ಯಾಸು ಬಂದರೆ ಬಸ್ಸು ಹೊರಡುತ್ತದೆ, ಇಲ್ಲವಾದರೆ ಇಲ್ಲ. ನಾನು ಇಡೀ ದಿನ ಆ ಹೊಗೆ ನೋಡುತ್ತಾ ಕೂತಿರುತ್ತೇನೆ.

ಕೂತು ಒಂದು ವಿಷಯ ಯೋಚಿಸಿದೆ. ನಾವು ಇಂಗ್ಲಿಷ್ ಪದಗಳನ್ನು ಮಗ್ಗಿಯ ಹಾಗೆ ಉರು ಹೊಡೆದೆವು. ಪಟ್ಟಿಯಲ್ಲಿ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತಿತ್ತು. ಪರೀಕ್ಷೆಯಲ್ಲಿ ಅದೇ ಪದ ಒಂಟಿಯಾಗಿ ಎದುರು ನಿಂತಾಗ ನಮಗೆ ಗುರುತೇ ಸಿಗಲಿಲ್ಲ. ಇನ್ನುಮೇಲೆ ಪದಗಳನ್ನು ಪುಸ್ತಕದಲ್ಲಿ ಇಡುವುದು ಬೇಡ, ಮನೆಯಲ್ಲಿ ಇಡೋಣ. ಚೀಟಿಯಲ್ಲಿ ಬರೆದು, ಯಾವುದರ ಹೆಸರೋ ಅದಕ್ಕೇ ಅಂಟಿಸು. ಮುಟ್ಟಿದಾಗಲೆಲ್ಲ ಬಾಯಿಬಿಟ್ಟು ಹೇಳು. ಮೊದಲ ಪಟ್ಟಿ ಇದರ ಜೊತೆ ಇದೆ, ಇನ್ನು ಪ್ರತಿ ಕಾಗದದಲ್ಲೂ ನಾನು ಹೊಸ ಪದ ಕಳಿಸುತ್ತೇನೆ.

ಬರುವ ಮಾರ್ಚಿಗೆ ಮಂಡ್ಯದಲ್ಲಿ ಇಬ್ಬರೂ ಒಟ್ಟಿಗೇ ಕೂರಬೇಕು. ನಾನು ಮದ್ದೂರಿನಲ್ಲಿ ರೈಲು ಹತ್ತುತ್ತೇನೆ, ನೀನು ಹನಕೆರೆಯಲ್ಲಿ ಹತ್ತು. ಹೆಂಗಸರ ಡಬ್ಬಿ. ತಪ್ಪಿಸಿದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ.

ನಿನ್ನ ಜೊತೆ ಬಿದ್ದವಳು,
ಶಮೀಮ್ ಬಾನು


ಹನಕೆರೆ
9–7–1944

ಶಮೀಮ್,

ಕಾಗದಕ್ಕೆ ಬರ ಬಂದಿರುವ ಕಾಲದಲ್ಲಿ ನಿನಗೆ ಒಳ್ಳೆ ಉಪಾಯ ಹೊಳೆಯಿತು. ಹಳೆಯ ಲಗ್ನಪತ್ರಿಕೆ, ಸಾಬೂನು ಸುತ್ತಿ ಬಂದದ್ದು, ಹೋದ ವರ್ಷದ ಪಂಚಾಂಗ ಎಲ್ಲವನ್ನೂ ಕತ್ತರಿಸಿ ರಾಗಿ ಗಂಜಿಯಲ್ಲಿ ಅಂಟಿಸಿದ್ದೇನೆ. ಬಾಗಿಲಿಗೆ ಡೋರ್, ಏಣಿಗೆ ಲ್ಯಾಡರ್, ಹಗ್ಗಕ್ಕೆ ರೋಪ್, ಕುಡುಗೋಲಿಗೆ ಸಿಕಲ್. ಹಸುವಿಗೆ ಅಂಟಿಸಲು ಹೋಗಿ ಒದೆ ತಿಂದೆ. ಆ ಚೀಟಿ ಈಗ ಕೊಟ್ಟಿಗೆಯ ಕಂಬದಲ್ಲಿದೆ.

ನಮ್ಮ ಅಜ್ಜಿ ಚಿಕ್ಕಬೋರಮ್ಮನನ್ನು ನೀನು ನೋಡಿದ್ದೀಯಲ್ಲ. ಮನೆಯನ್ನೆಲ್ಲ ಒಂದು ಸುತ್ತು ಬಂದು, “ಏನವ್ವ ಇದು, ಮನೇಗೆಲ್ಲಾ ಸಿಡುಬೆದ್ದಂಗೈತೆ!” ಅಂದಳು.

“ಇಂಗ್ಲೀಸು ಕಣಜ್ಜಿ. ಪರೀಕ್ಸೆಗೆ.”

“ಸದ್ಯ, ನನ್ ಮಕಕ್ ಅಂಟುಸ್ಬೇಡ,” ಎಂದು ಎಲೆಗೆ ಸುಣ್ಣ ಹಚ್ಚುತ್ತಾ ಕೂತಳು.

ಅಪ್ಪನದೇ ಕಷ್ಟ. ತಾಯಿಯಿಲ್ಲದ ಮಗಳು ಎಂದು ಇಷ್ಟು ದಿನ ರೈಲಿನಲ್ಲಿ ಕಳಿಸಿ ಓದಿಸಿದ್ದೇ ಹೆಚ್ಚು ಎಂದು ಊರೆಲ್ಲ ಅವನ ಕಿವಿಯಲ್ಲಿ ಊದುತ್ತಿದೆ. ಮೊನ್ನೆ ಊಟಕ್ಕೆ ಕೂತವನು ನನ್ನ ಕಡೆ ನೋಡದೆಯೇ ಹೇಳಿದ: “ನೋಡು ದೇವಿ, ಮಾರ್ಚಿಗೊಳ್ಗೆ ಒಳ್ಳೆ ಗಂಡು ಬಂದ್ರೆ ನಾನ್ ತಡಿಯಾಕಿಲ್ಲ. ಬರ್ನಿಲ್ಲ ಅಂದ್ರೆ ನಿನ್ ಪರೀಕ್ಸೆ ಬರ್ಕೊ.” ಮಾರ್ಚಿ ಮೊದಲು ಬರುತ್ತದೋ ಗಂಡು ಮೊದಲು ಬರುತ್ತಾನೋ, ಅಷ್ಟೇ ನನ್ನ ಹಣೆಬರಹ. ಪಾಸಾದರೆ ನಾನು ಏನಾದರೂ ಆಗಬಹುದು ಶಮೀಮ್. ಆಗದಿದ್ದರೆ ಯಾರದೋ ಮನೆಗೆ ಹೋಗುವವಳು, ಅಷ್ಟೆ.

ನಿನ್ನ ಪಟ್ಟಿಯಲ್ಲಿ ‘ರೆಸ್ಟ್‌ಲೆಸ್’ ಎಂದು ಒಂದು ಪದವಿದೆ. ಅದನ್ನು ಎಲ್ಲಿಗೆ ಅಂಟಿಸಲಿ ಹೇಳು. ಒಲೆ ಮುಂದೆ ಕೂತರೆ ಬಾಗಿಲಿಗೆ ಹೋಗಬೇಕು ಅನಿಸುತ್ತದೆ, ಬಾಗಿಲಿಗೆ ಬಂದರೆ ರೈಲು ಕೂಗುವುದು ಕೇಳುತ್ತದೆ, ರೈಲು ಹೋದ ಮೇಲೆ ಅಲ್ಲಿ ನಿಲ್ಲಲೂ ಆಗುವುದಿಲ್ಲ. ಬೆಳಗಿನಿಂದ ಆ ಚೀಟಿ ಕೈಯಲ್ಲೇ ಹಿಡಿದು ಓಡಾಡುತ್ತಿದ್ದೇನೆ.

ಇತಿ,
ದೇವಿರಮ್ಮ


ಮಳವಳ್ಳಿ
2–8–1944

ದೇವಿ,

ಅಂಟಿಸಲು ಜಾಗ ಸಿಗದ ಪದವನ್ನು ಸೆರಗಿಗೆ ಗಂಟು ಹಾಕಿಕೋ. ನನ್ನ ದುಪಟ್ಟಾದ ಅಂಚಿನಲ್ಲಿ ಈಗಾಗಲೇ ಅಂಥವು ಒಂದು ಹಿಡಿ ಇವೆ.

ನಾನು ನಿನಗಿಂತ ದೊಡ್ಡ ಕೆಲಸ ಮಾಡಿದೆ. ಅಬ್ಬಾ ರಿಪೇರಿಗೆ ತಂದಿದ್ದ ಬಸ್ಸಿಗೆ ವೀಲ್, ಹ್ಯಾಂಡಲ್, ಸ್ಟೆಪ್ ಎಂದೆಲ್ಲ ಅಂಟಿಸಿ ಕೀಳುವುದನ್ನು ಮರೆತೆ. ಬಸ್ಸು ಹಾಗೇ ಮದ್ದೂರಿಗೆ ಹೋಗಿ ಬಂತು. ಕಂಡಕ್ಟರು ಬಂದು, “ಪಾಷಾ ಸಾಯೇಬ್ರೆ, ನಿಮ್ ಮಗಳು ಬಸ್ಗೂ ಪಾಠ ಯೋಳ್ಕೊಡ್ತವ್ಳೆ,” ಎಂದ. ಅಮ್ಮಿ ತಲೆ ಚಚ್ಚಿಕೊಂಡಳು. ಅಬ್ಬಾ ಮಾತ್ರ ನಕ್ಕು, ಒಲೆಗೆ ಗಾಳಿ ಊದುವ ಚಕ್ರ ತೋರಿಸಿ, ಇದಕ್ಕೇನೆನ್ನುತ್ತಾರೆ ಎಂದು ಕೇಳಿದರು. ‘ಬ್ಲೋವರ್’ ಅಂದೆ. ಅಂದಿನಿಂದ ಆ ಚಕ್ರ ತಿರುಗಿಸುವ ಕೆಲಸವೂ ನನ್ನ ತಲೆಗೆ ಬಂತು.

ಸಾಮಾನುಗಳ ಹೆಸರು ಕಲಿತದ್ದಾಯಿತು. ಇನ್ನು ಕೆಲಸಗಳ ಹೆಸರು. ಅವುಗಳಿಗೆ ಚೀಟಿ ಬೇಡ. ಏನು ಮಾಡುತ್ತಿದ್ದೀಯೋ ಅದನ್ನು ಮಾಡುವಾಗಲೇ ಸಣ್ಣಗೆ ಬಾಯಲ್ಲಿ ಹೇಳಿಕೋ. ಗುಡಿಸುವಾಗ ‘ಐ ಸ್ವೀಪ್’, ಹೊರುವಾಗ ‘ಐ ಕ್ಯಾರಿ’. ಯಾರು ಎದುರಿಗಿದ್ದರೂ ನಿಲ್ಲಿಸಬೇಡ. ನಿಲ್ಲಿಸಿದರೆ ಪದ ಮುನಿಸಿಕೊಂಡು ಹೋಗುತ್ತದೆ.

ಇಲ್ಲಿ ಅಮ್ಮಿ ದಿನಾ ಒಂದೇ ಪ್ರಶ್ನೆ: ಫೇಲಾದವಳು ಮತ್ತೆ ಯಾಕೆ ಓದಬೇಕು? ಉತ್ತರ ನನ್ನ ಬಾಯಲ್ಲಿ ಇದೆ, ಆದರೆ ಅವಳ ಮುಂದೆ ಹೊರಗೆ ಬರುವುದಿಲ್ಲ. ಮಾರ್ಚಿ ಬೇಗ ಬಂದರೆ ಸಾಕಾಗಿದೆ.

ಬಸ್ಸಿಗೆ ಪಾಠ ಹೇಳುವವಳು,
ಶಮೀಮ್


ಹನಕೆರೆ
27–8–1944

ಶಮೀಮ್,

ನಿನ್ನ ಉಪಾಯಕ್ಕೆ ಬೆಂಕಿ ಬಿತ್ತು. ಹೇಳುತ್ತೇನೆ ಕೇಳು.

ಬಸರಾಳಿನಿಂದ ನನ್ನನ್ನು ನೋಡಲು ಬಂದಿದ್ದರು. ಹುಡುಗ ಅಂಕಯ್ಯ, ಅವನ ತಾಯಿ ಮರಿತಾಯಮ್ಮ, ಅವಳ ಅಣ್ಣ. ಮುಂಚೆ ಹೇಳಿ ಕಳಿಸಿರಲಿಲ್ಲ. ನಾನು ಸೀರೆ ಬದಲಾಯಿಸಲು ಕೋಣೆಗೆ ಓಡಿದೆ, ಅಜ್ಜಿ ಒಲೆ ಹತ್ತಿರ, ಅಪ್ಪ ಗದ್ದೆಯಿಂದ ಇನ್ನೂ ಬಂದಿರಲಿಲ್ಲ. ಪಡಸಾಲೆಯಲ್ಲಿ ಕೂತ ಮರಿತಾಯಮ್ಮನ ಕಣ್ಣು ಬಾಗಿಲಿನ ಚೀಟಿಯ ಮೇಲೆ ಬಿತ್ತು. ಆಮೇಲೆ ಕಂಬ, ಏಣಿ, ಒನಕೆ. ಕೊನೆಗೆ ಕುಡುಗೋಲು. ಗೋಡೆಯಾಚೆಯಿಂದ ನನಗೆ ಎಲ್ಲವೂ ಕೇಳಿಸುತ್ತಿತ್ತು.

“ಅಣ್ಣ, ಇದು ಸರ್ಯಾಗ್ ಕಾಣಾಕಿಲ್ಲ. ಉಡುಗಿಗೆ ಗಾಳಿ ಸೋಕೈತೆ. ಮಂತ್ರದ್ ಚೀಟಿ ಆಕವ್ರೆ ನೋಡು, ಎಲ್ ನೋಡುದ್ರೂ!”

“ಸುಮ್ಕಿರವ್ವ, ಯಾರಾರ ಕೇಳ್ಕೊಂಡಾರು.”

“ಕುಡ್ಲಿಗೂ ಆಕವ್ರಲ್ಲಣ್ಣ! ಯಾರ್ನಾರ ಕುಯ್ಯಕ್ ಓಗಿದ್ಲೇನೋ!”

ಅಷ್ಟು ಹೊತ್ತಿಗೆ ಅಜ್ಜಿ ನನ್ನ ಕೈಗೆ ಎಲೆಅಡಿಕೆ ತಟ್ಟೆ ಕೊಟ್ಟು ತಳ್ಳಿದಳು. ಭಯಕ್ಕೋ ಏನೋ, ಅಭ್ಯಾಸ ಬಿಡದೆ ತುಟಿ ತನ್ನಷ್ಟಕ್ಕೆ ಆಡಿತು. ಐ ವಾಕ್, ಐ ಕ್ಯಾರಿ, ಐ ವಾಕ್, ಐ ಕ್ಯಾರಿ. ತಲೆ ತಗ್ಗಿಸಿ, ಗೊಣಗುತ್ತಾ, ಹೆಜ್ಜೆ ಹೆಜ್ಜೆಗೂ ಅವಳ ಕಡೆಗೇ ಹೋದೆ. ಮರಿತಾಯಮ್ಮ “ಅಯ್ಯೋ ನನ್ನಪ್ಪ!” ಎಂದು ಎದ್ದವಳು ಚಪ್ಪಲಿ ಮೆಟ್ಟುವುದನ್ನೂ ಮರೆತು ಬೀದಿಗೆ ಬಿದ್ದಳು. ಅಂಕಯ್ಯ ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದ. ಅವನ ಮುಖವನ್ನು ನಾನು ನೋಡಿದ್ದು ಅಷ್ಟೇ.

ಈಗ ನೀನು ನಗುತ್ತಿದ್ದೀಯೆ, ನನಗೆ ಗೊತ್ತು. ಅಂದು ನನಗೂ ನಗು ಬಂತು, ಅಪ್ಪ ಬರುವವರೆಗೆ. ಬೀದಿಯಲ್ಲೇ ಅವನಿಗೆ ಸುದ್ದಿ ಸಿಕ್ಕಿತ್ತು. ಏನೂ ಕೇಳದೆ ಒಂದೊಂದೇ ಚೀಟಿ ಕಿತ್ತ. ಗಂಜಿ ಗಟ್ಟಿ ಹಿಡಿದಲ್ಲಿ ಉಗುರಿನಿಂದ ಕೆರೆದ. ನನ್ನ ಕೈಯಲ್ಲಿದ್ದ ‘ರೆಸ್ಟ್‌ಲೆಸ್’ ಚೀಟಿಯನ್ನೂ ಕಿತ್ತು ಬಿಸಾಡಿದ. “ಆ ಮಳವಳ್ಳಿ ಸಾಬ್ರುಡುಗಿ ಸಾವಾಸ ಇಲ್ಗೆ ಸಾಕು. ಕಾಗ್ದ ಬರೆಯಂಗಿಲ್ಲ, ಬಂದ್ರೂ ತಕೊಳ್ಳಂಗಿಲ್ಲ. ಊರೆಲ್ಲ ನನ್ ಮಗಳ್ಗೆ ದೆವ್ವ ಮೆಟ್ಟೈತೆ ಅಂತದೆ,” ಅನ್ನುವಾಗ ಅವನ ದನಿ ನಡುಗುತ್ತಿತ್ತು. ಅವನು ಬೈದದ್ದಕ್ಕಿಂತ ಆ ನಡುಕವೇ ನನ್ನನ್ನು ಹೆಚ್ಚು ಸುಟ್ಟಿತು.

ಇದನ್ನು ಸ್ಟೇಷನ್ನಿಗೆ ಹೋಗುವವರ ಕೈಯಲ್ಲಿ ಕದ್ದು ಕಳಿಸುತ್ತಿದ್ದೇನೆ. ಮತ್ತೆ ಬರೆಯಲಾರೆ.

ದೇವಿ


ಮಳವಳ್ಳಿ
10–9–1944

ದೇವಿ,

ಮೊದಲು ನಕ್ಕೆ, ಆಮೇಲೆ ಅತ್ತೆ. ನಿಮ್ಮಪ್ಪನಿಗೆ ನಾನೇ ಬರೆದು ತಿಳಿಸಲೇ? ಒಂದು ಸಾಲು ಬರೆ. ಈ ಸಲ ಪದಗಳನ್ನು ಕಾಗದದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದೇನೆ. ಫೀವರ್, ಶಿವರಿಂಗ್, ವೀಕ್, ಅಫ್ರೈಡ್. ಇಲ್ಲಿ ಮನೆಮನೆಯಲ್ಲೂ ಚಳಿಜ್ವರ. ನನಗೂ ಬಂದು ಹೋಯಿತು. ನಡುಗುತ್ತಲೇ ಕಲಿತ ಪದಗಳು ಇವು.

ಶಮೀಮ್


ಮಳವಳ್ಳಿ
15–10–1944

ದೇವಿರಮ್ಮನವರಿಗೆ,

ಬಹುವಚನ ಬೇಕೆಂದೇ ಹಾಕಿದ್ದೇನೆ. ಅಪ್ಪ ಬೇಡ ಎಂದರು, ಸರಿ. ನಿನಗೂ ಬೇಡವಾಯಿತೇ? ನಾಲ್ಕು ಚೂರು ಕಾಗದಕ್ಕೆ ನಾನು ಮಾಟಗಾತಿಯಾದೆ. ನಿಮ್ಮ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ನಿಮ್ಮಪ್ಪನ ಜೊತೆ ಹರಟಿದ್ದ ಹುಡುಗಿ ಒಂದೇ ದಿನದಲ್ಲಿ ‘ಸಾಬ್ರುಡುಗಿ’ ಆದಳು. ಇದು ನನ್ನನ್ನು ಕುಟುಕುತ್ತಿದೆ, ದೇವಿ. ಬಾಯಿಬಿಟ್ಟೇ ಹೇಳುತ್ತೇನೆ.

ಪರೀಕ್ಷೆಗೆ ನನ್ನ ಅರ್ಜಿ ಹೋಯಿತು. ನಿನ್ನದು ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಪುಸ್ತಕ ತೆರೆದೇ ಇರುತ್ತದೆ, ಕಣ್ಣು ಮಾತ್ರ ಅಂಚೆಯವನ ದಾರಿಯ ಮೇಲೆ. ಇದೇ ಕೊನೆ. ಇನ್ನು ನಾನಾಗಿ ಬರೆಯುವುದಿಲ್ಲ.

ಶಮೀಮ್ ಬಾನು


ಹನಕೆರೆ
19–11–1944

ಶಮೀಮ್,

ಏಕವಚನ ಬೇಕೆಂದೇ ಹಾಕಿದ್ದೇನೆ. ನಿನ್ನ ಎರಡು ಕಾಗದಗಳೂ ನನಗೆ ಸಿಕ್ಕಿವೆ. ಅಜ್ಜಿ ಅಂಚೆಯವನನ್ನು ಕಟ್ಟೆಯ ಹತ್ತಿರವೇ ಹಿಡಿದು ಇಸಿದುಕೊಂಡು, ಎಲೆಅಡಿಕೆ ಚೀಲದಲ್ಲಿಟ್ಟು ತಂದುಕೊಟ್ಟಳು. ಎರಡನೆಯದನ್ನು ಓದಿ ಹಿತ್ತಲಿನಲ್ಲಿ ಕೂತು ಅತ್ತೆ. ಬರೆಯದೆ ಇದ್ದದ್ದು ಅಪ್ಪನ ಭಯಕ್ಕಲ್ಲ. ಅವನ ದನಿ ಇನ್ನೊಮ್ಮೆ ಹಾಗೆ ನಡುಗುವುದನ್ನು ಕೇಳಲಾರದೆ.

ಇಲ್ಲಿ ನಡೆದದ್ದು ಕೇಳು. ನಾಲೆ ನೀರು ಬಂದಲ್ಲೆಲ್ಲ ಗದ್ದೆಯ ಜೊತೆ ಸೊಳ್ಳೆಯೂ ಬೆಳೆದಿದೆ, ಮನೆಗೊಬ್ಬರು ಚಳಿಜ್ವರದಲ್ಲಿ ಮಲಗಿದ್ದಾರೆ. ಪಕ್ಕದ ಮನೆ ಕೆಂಪಯ್ಯನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದು ನನ್ನ ಮುಂದೆ ನಿಂತಳು.

“ದೇವವ್ವ, ಒಂದ್ ಚೀಟಿ ಬರ್ಕೊಡವ್ವ. ಗಾಳಿ ನಿನ್ ಮಾತ್ ಕೇಳ್ತದಂತೆ.”

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. “ಅದು ಮಂತ್ರ ಅಲ್ಲ ಕಣಕ್ಕ. ಮಂಡ್ಯದ ದವಾಖಾನೆಗೆ ಕರ್ಕೊಂಡೋಗು.”

“ಓಗಿದ್ದೆ. ಅಲ್ಲಿ ಒಸ ನರ್ಸಮ್ಮ ಬಂದವ್ರೆ, ಮಲೆಯಾಳದೋರು. ನಾನ್ ಏಳುದ್ದು ಅವ್ರಿಗ್ ತಿಳೀಲಿಲ್ಲ, ಅವ್ರು ಕೇಳುದ್ದು ನಂಗ್ ತಿಳೀಲಿಲ್ಲ. ಎದ್ರುಕೊಂಡು ವಾಪಸ್ ಬಂದ್ಬುಟ್ಟೆ. ನೀನ್ ಬರ್ಕೊಡು, ನಿಂಗ್ ಕೈ ಮುಗೀತೀನಿ.”

ಮಗುವಿನ ಮೈ ಮುಟ್ಟಿದೆ. ಕೆಂಡ. ಆಗ ನನಗೆ ಹೊಳೆಯಿತು, ಆ ನರ್ಸಮ್ಮನಿಗೆ ಇಂಗ್ಲಿಷ್ ಗೊತ್ತಿರಲೇಬೇಕು. ನಿನ್ನ ಕಾಗದದ ಅಂಚು ಹರಿದು ಬರೆದೆ. ಮಗುವಿಗೆ ಜ್ವರ, ಒಂದು ದಿನ ಬರುತ್ತದೆ, ಒಂದು ದಿನ ಬಿಡುತ್ತದೆ, ನಡುಕ, ಹಾಲು ಕುಡಿಯುವುದಿಲ್ಲ, ತಾಯಿ ಹೆದರಿದ್ದಾಳೆ. ಫೀವರ್, ಶಿವರಿಂಗ್, ವೀಕ್, ಅಫ್ರೈಡ್, ನೀನು ನಡುಗುತ್ತಾ ಕಲಿತ ಪದಗಳೇ. ವ್ಯಾಕರಣ ಎಷ್ಟು ಕಡೆ ಮುರಿದಿತ್ತೋ ದೇವರಿಗೇ ಗೊತ್ತು. ಬರೆದು, “ಇದ್ನ ಮಗೀನ್ ತೋಳ್ಗೆ ಕಟ್ಬೇಡ. ನರ್ಸಮ್ಮನ ಕೈಗೇ ಕೊಡು. ಅವ್ರ್ ಕೈಗ್ ಕೊಟ್ರೇನೆ ಕೆಲ್ಸ ಆಗೋದು,” ಎಂದೆ.

ಮಗು ಉಳಿಯಿತು, ಶಮೀಮ್. ಆ ಚೀಟಿಯ ಹಿಂದೆ ನರ್ಸಮ್ಮ ಬರೆದು ಕಳಿಸಿದ್ದರು, ಔಷಧಿ ಯಾವ ಹೊತ್ತಿಗೆ, ಎಷ್ಟು. ಓದಿ ಹೇಳಿದೆ. ಕೊನೆಯಲ್ಲಿ ಒಂದು ಸಾಲು: ಇದನ್ನು ಬರೆದವರು ಯಾರು, ನನ್ನನ್ನು ಬಂದು ನೋಡಲಿ. ಇದುವರೆಗೆ ನಮ್ಮ ಇಂಗ್ಲಿಷ್ ಓದಿದವರೆಲ್ಲ ಕೆಂಪು ಶಾಯಿಯಲ್ಲಿ ಗೀಟು ಹಾಕಿದವರೇ. ಮೊದಲ ಬಾರಿಗೆ ಒಬ್ಬರು ಉತ್ತರ ಬರೆದರು.

ಈಗ ಬೆಳಗಾದರೆ ಮನೆ ಮುಂದೆ ಜನ. ಮಂತ್ರವಲ್ಲ ಎಂದರೆ ತಲೆಯಾಡಿಸುತ್ತಾರೆ, ಚೀಟಿ ಹಿಡಿದು ದವಾಖಾನೆಗೆ ಹೋಗುತ್ತಾರೆ. ಅಪ್ಪ ಮೂಲೆಯಲ್ಲಿ ಕೂತು ನೋಡುತ್ತಿದ್ದ. ಒಂದು ದಿನ, “ಏನಂತ ಬರ್ದಿದ್ದೀಯ, ಓದು,” ಎಂದ. ಓದಿ ಕನ್ನಡದಲ್ಲಿ ಹೇಳಿದೆ. ಕೇಳಿ ಎದ್ದು ಹೋದ. ಮಾರನೆ ದಿನ ಮಂಡ್ಯದಿಂದ ಕಾಗದ ತಂದು ನನ್ನ ಮುಂದಿಟ್ಟ, ನಡುವೆ ಒಂದು ಲಕೋಟೆ ಇತ್ತು. ನಿನಗೆ ಬರಿ ಎಂದು ಬಾಯಲ್ಲಿ ಹೇಳಲಿಲ್ಲ. ನನ್ನ ಅರ್ಜಿಯನ್ನೂ ಅವನೇ ಕೊಂಡೊಯ್ದು ಕೊಟ್ಟು ಬಂದ.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಂಡೆ. ಆದರೆ ಅಂಕಯ್ಯನಿಗೂ ಜ್ವರ ಬಂದಿತ್ತಂತೆ. ಮರಿತಾಯಮ್ಮ ಯಾರನ್ನೋ ಕಳಿಸಿ ಚೀಟಿ ತರಿಸಿಕೊಂಡಳು, ಅವನಿಗೂ ಬಿಟ್ಟಿತು. ಮೊನ್ನೆ ಅವಳೇ ಬಂದು, “ಇಂಥಾ ಸೊಸೆ ಬೇಕು ಅಂದ್ರೆ ಏಳು ಜನ್ಮ ತಪಸ್ ಮಾಡ್ಬೇಕು,” ಎಂದು ನನ್ನ ಗಲ್ಲ ಹಿಡಿದಳು. ಲಗ್ನ ಶಿವರಾತ್ರಿ ಕಳೆದ ಮೇಲಂತೆ, ಮಾರ್ಚಿಯಲ್ಲೇ. ಮಾರ್ಚಿಗೊಳಗೆ ಗಂಡು ಬಂದರೆ ತಡೆಯುವುದಿಲ್ಲ ಎಂದು ಅಪ್ಪ ಆಡಿದ ಮಾತು ಆಡಿದ್ದೇ, ಒಪ್ಪಿಬಿಟ್ಟ. ದೆವ್ವ ಹಿಡಿದಿದೆ ಎಂದಾಗ ತಪ್ಪಿಸಿಕೊಂಡಿದ್ದೆ, ಈಗ ದೇವರಾಗಿ ಸಿಕ್ಕಿಬಿದ್ದೆ. ನನಗೆ ನಿಲ್ಲಲಾಗುತ್ತಿಲ್ಲ, ಕೂರಲಾಗುತ್ತಿಲ್ಲ. ಏನು ಮಾಡಲಿ, ಬೇಗ ಬರೆ.

ನಿನ್ನ
ದೇವಿ


ಮಳವಳ್ಳಿ
28–11–1944

ನನ್ನ ದೇವಿ,

ಸಿಟ್ಟು ಇಳಿಯಿತು. ಆ ಲಕೋಟೆ ತಂದ ನಿಮ್ಮಪ್ಪನಿಗೆ ನನ್ನ ಸಲಾಂ ಹೇಳು. ಹೇಳಲು ಭಯವಾದರೆ ಹಸುವಿಗೆ ಹೇಳು.

ಉಪಾಯ ಕಣ್ಣ ಮುಂದೆಯೇ ಇದೆಯಲ್ಲೇ. ಮಂತ್ರ ಎಂದು ಅವರೇ ನಂಬಿದ್ದಾರೆ. ನಂಬಲಿ. ಮಂತ್ರ ಸಿದ್ಧಿಸಿಲ್ಲ, ಈಗ ಲಗ್ನವಾದರೆ ಗಂಡಿಗೆ ಕೇಡು ಎಂದು ಕಣ್ಣು ಮೇಲೆ ಮಾಡಿ ಒಂದು ಸಾರಿ ಕೂಗು. ಮರಿತಾಯಮ್ಮ ಈ ಸಲವೂ ಚಪ್ಪಲಿ ಬಿಟ್ಟು ಓಡುತ್ತಾಳೆ. ನಾನಾಗಿದ್ದರೆ ಇಷ್ಟು ಹೊತ್ತಿಗೆ ಕೂಗಿ ಮುಗಿಸಿರುತ್ತಿದ್ದೆ.

ಶಮೀಮ್


ಹನಕೆರೆ
14–1–1945

ಶಮೀಮ್,

ಎಳ್ಳು ಬೆಲ್ಲ ಇದರ ಜೊತೆ ಇದೆ, ಅಂಚೆಯಲ್ಲಿ ಪುಡಿಯಾದರೆ ಬೈಯಬೇಡ.

ನೀನು ಹೇಳಿದಂತೆ ಕೂಗಲು ನನ್ನಿಂದ ಆಗಲಿಲ್ಲ. ಚೀಟಿ ಮಂತ್ರವಲ್ಲ ಎಂದು ದಿನಾ ಬೆಳಗ್ಗೆ ಜನಕ್ಕೆ ಹೇಳುವವಳು, ನನಗೆ ಬೇಕಾದಾಗ ಮಂತ್ರ ಎನ್ನಲೇ? ದಿನ ಗೊತ್ತುಮಾಡಲು ಮರಿತಾಯಮ್ಮ ಬಂದಾಗ ಎದುರಿಗೇ ನಿಂತು ಹೇಳಿಬಿಟ್ಟೆ.

“ಅತ್ತೆವ್ವ, ಅದು ಮಂತ್ರ ಅಲ್ಲ. ಬಾಗ್ಲಿಗೆ ಬಾಗ್ಲು ಅಂತ, ಒನ್ಕೆಗೆ ಒನ್ಕೆ ಅಂತ ಬರ್ದಿದ್ದೆ. ಇಂಗ್ಲೀಸು. ಪರೀಕ್ಸೆ ಐತೆ ಮಾರ್ಚಿಗೆ. ಅದ್ ಬರೆಯಗಂಟ ನಂಗ್ ಮದ್ವೆ ಬ್ಯಾಡ.”

ಅವಳು ನಕ್ಕಳು. “ಮಂತ್ರ ಕಲ್ತೋರು ಯಾವಾಗ್ ಒಪ್ಕೊಂಡವ್ರೆ ಬುಡವ್ವ!”

ಅಪ್ಪ ನೆಲ ನೋಡುತ್ತಾ ಕೂತ. ಸತ್ಯ ಹೇಳಿಯೂ ಸೋತೆನಲ್ಲ ಎಂದು ಒಳಗೆ ಹೊರಟೆ. ಆಗ ಮೂಲೆಯಿಂದ ಅಜ್ಜಿಯ ದನಿ ಬಂತು.

“ಕೊಡಾನಂತೆ ಮರಿತಾಯವ್ವ. ಆದ್ರೆ ಅರ್ದ ಕಲ್ತಿರೋಳ್ನ ಮನೇಗ್ ಕರ್ಕೊಂಡ್ ಓಯ್ತೀಯಾ?”

“ಅರ್ದವೇ?”

“ಊ ಕಣವ್ವ. ಪೂರ್ತಿ ಆಗ್ಬೇಕು ಅಂದ್ರೆ ಮಾರ್ಚಿ ತಿಂಗ್ಳು ಮಂಡ್ಯಕ್ ಓಗಿ, ಯಾರ್ ಕುಟ್ಟೂ ಮಾತಾಡ್ದಂಗೆ ಕೂತು, ಬರ್ದು ಒಪ್ಪುಸ್ಬೇಕು. ಮ್ಯಾಗಿರೋರು ನೋಡಿ ಒಪ್ಕೊಂಡ್ರೆ ಆಯ್ತು.”

“ಒಪ್ನಿಲ್ಲ ಅಂದ್ರೆ?”

“ಮುಂದಿನ್ ಮಾರ್ಚಿ.”

ಅಜ್ಜಿ ಹೇಳಿದ್ದರಲ್ಲಿ ಒಂದು ಸುಳ್ಳು ಹುಡುಕಿ ಕೊಡು ನೋಡೋಣ. ಮರಿತಾಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, ಪೂರ್ತಿ ಆಗಲಿ, ಅವಸರವಿಲ್ಲ ಎಂದು ಹೊರಟಳು. ಅಪ್ಪ ತಲೆ ಎತ್ತದೆಯೇ ಮೀಸೆಯಲ್ಲಿ ನಕ್ಕಿದ್ದನ್ನು ನಾನು ಕಂಡೆ.

ಅವರೆಲ್ಲ ಹೋದ ಮೇಲೆ ಅಜ್ಜಿಯ ಪಕ್ಕ ಕೂತೆ. ಅವಳು ಅಡಿಕೆ ಕತ್ತರಿಸುತ್ತಲೇ ಹೇಳಿದಳು: “ನನ್ ಮದ್ವೆ ದಿನ ನಾನು ಕುಂಟಾಬಿಲ್ಲೆ ಆಡ್ತಿದ್ದೆ. ಮಣೆ ಮ್ಯಾಲೆ ಎತ್ತಾಕೊಂಡೋಗಿ ಕೂರ್ಸುದ್ರು. ತಡೀರಿ, ಮಗ ಆಟ ಮುಗ್ಸ್ಲಿ ಅಂತ ಒಬ್ರಾದ್ರೂ ಅನ್ನಲಿಲ್ಲ ಕಣವ್ವ.” ನಾನು ಅವಳ ತೊಡೆಯ ಮೇಲೆ ತಲೆಯಿಟ್ಟೆ.

ಇಷ್ಟೆಲ್ಲ ಆದ ಮೇಲೆ ನೀನು ಮದ್ದೂರಿನಲ್ಲಿ ಹತ್ತದೆ ಇದ್ದರೆ ನೋಡು.

ದೇವಿ


ಮಳವಳ್ಳಿ
29–3–1945

ದೇವಿ,

ಇಂಗ್ಲಿಷ್ ಪರೀಕ್ಷೆಯ ದಿನ ಶಾಲೆಯ ಜಗಲಿಯ ಮೇಲೆ ನಿನಗೆ ಹೇಳದೆ ಬಂದದ್ದನ್ನು ಈಗ ಬರೆಯುತ್ತೇನೆ.

ಹಿಂದಿನ ದಿನವೇ ಮಂಡ್ಯಕ್ಕೆ ಬಂದು ಉಳಿಯುತ್ತೇನೆ ಎಂದರೆ ಅಮ್ಮಿ ಬಿಡಲಿಲ್ಲ. ಮೊದಲ ಬಸ್ಸಿನಲ್ಲಿ ಅಬ್ಬಾ ಜೊತೆ ಹೊರಟೆ. ದಾರಿಯಲ್ಲಿ ಬಸ್ಸು ನಿಂತಿತು. ಹಸಿ ಇದ್ದಿಲು, ಗ್ಯಾಸು ಬರಲಿಲ್ಲ. ಅಬ್ಬಾ ಒಲೆ ಕೆದಕುತ್ತಿದ್ದರು, ನಾನು ಇಳಿದು ಬ್ಲೋವರ್ ಚಕ್ರ ತಿರುಗಿಸಿದೆ. ತೋಳು ಬಿದ್ದುಹೋಗುವವರೆಗೆ ತಿರುಗಿಸಿದೆ. ಎಲ್ಲರ ಬಸ್ಸನ್ನೂ ಓಡಿಸಿಕೊಟ್ಟ ಅಬ್ಬಾ, ಅಂದು ನನ್ನ ಮುಖ ನೋಡಲಾರದೆ ಒಲೆಯ ಮುಂದೆ ತಲೆ ಬಗ್ಗಿಸಿಕೊಂಡೇ ಇದ್ದರು. ಮದ್ದೂರು ತಲುಪುವಾಗ ರೈಲು ಹೋಗಿತ್ತು. ಅದೇ ಬಸ್ಸನ್ನು ಮಂಡ್ಯದವರೆಗೂ ಓಡಿಸಿದರು. ಇಂಗ್ಲಿಷ್ ಪೇಪರು ಶುರುವಾಗಿ ಬಹಳ ಹೊತ್ತಾಗಿತ್ತು, ಒಳಗೆ ಬಿಡಲಿಲ್ಲ.

ನೀನು ಹೊರಗೆ ಬಂದಾಗ ಮಸಿ ಕೈಯಲ್ಲಿ ಕೂತಿದ್ದ ನಾನು “ಯಾವ ಪದ ಬಂದವು?” ಎಂದಷ್ಟೇ ಕೇಳಿದೆ. ಬೇರೆ ಏನು ಕೇಳಿದ್ದರೂ ಅತ್ತುಬಿಡುತ್ತಿದ್ದೆ. ನೀನು ಹನಕೆರೆಯಲ್ಲಿ ಹೆಂಗಸರ ಡಬ್ಬಿಯ ಎಲ್ಲ ಮುಖಗಳನ್ನೂ ನೋಡಿದೆಯಂತೆ, ಬಾಗಿಲು ನೋಡುತ್ತಲೇ ಬರೆದೆಯಂತೆ. ಅದನ್ನು ಕೇಳಿ ಸಂತೋಷವಾಯಿತು. ಚೆನ್ನಾಗಿ ಬರೆದಿದ್ದೇನೆ ಎಂದು ನೀನು ಅಂದಾಗ ಹೊಟ್ಟೆ ಉರಿಯಿತು. ಎರಡೂ ನಿಜ. ನೀನು ಪಾಸಾಗಲಿ ಎಂದು ನಮಾಜಿನಲ್ಲಿ ಬೇಡುತ್ತೇನೆ, ಬೇಡಿ ಎದ್ದ ಕೂಡಲೇ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನಿಸುತ್ತದೆ.

ಮನೆಯ ಚೀಟಿಗಳನ್ನೆಲ್ಲ ಕಿತ್ತುಹಾಕಿದೆ. ಅಮ್ಮಿ ಗುಡಿಸಿದಳು. ನನಗೆ ಇನ್ನು ಸಾಕು.

ಶಮೀಮ್


ಹನಕೆರೆ
17–6–1945

ಶಮೀಮ್,

ನಾನು ಪಾಸು. ಮೊದಲು ಇದನ್ನು ಬರೆದುಬಿಡುತ್ತೇನೆ, ಉರಿಯುವುದಿದ್ದರೆ ಈಗಲೇ ಉರಿದುಕೋ. ಹೋಗಿ ನೋಡಿದೆ, ನರ್ಸಮ್ಮ ನನ್ನನ್ನು ಮಂಡ್ಯದ ದವಾಖಾನೆಯಲ್ಲೇ ತರಬೇತಿಗೆ ಸೇರಿಸಿಕೊಳ್ಳುತ್ತಾರೆ. ದಿನಾ ರೈಲಿನಲ್ಲಿ ಹೋಗಿ ಬರುವುದಕ್ಕೆ ಅಪ್ಪ ಒಪ್ಪಿದ್ದಾನೆ.

ಸುದ್ದಿ ತಿಳಿದು ಮರಿತಾಯಮ್ಮ ಬಾಳೆಗೊನೆ ಹೊರಿಸಿಕೊಂಡು ಬಂದಳು. “ಮ್ಯಾಗಿರೋರು ಒಪ್ಪುದ್ರಂತೆ! ಇನ್ನೇನವ್ವ, ದಿನ ಇಕ್ಕಾವ?”

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಸಾವಕಾಶವಾಗಿ ಎಲೆ ಮಡಿಚಿದಳು.

“ಒಪ್ಪುದ್ರು. ಆದ್ರೆ ಇದು ಜೋಡೀಲಿ ಸುರು ಮಾಡುದ್ದು ಕಣವ್ವ. ಮಳವಳ್ಳೀಲಿ ಇನ್ನೊಬ್ಬಳವಳೆ, ಇವಳ್ಗ್ ಯೋಳ್ಕೊಟ್ಟೋಳು. ಅವಳ್ದು ಪೂರ್ತಿ ಆಗಗಂಟ ಇವಳ್ದು ನಿಲ್ಲಾಕಿಲ್ಲ.”

ಅಂಕಯ್ಯ ಬಾಗಿಲಲ್ಲೇ ನಿಂತಿದ್ದ. “ಕಾಯಾನ ಬುಡವ್ವ. ನಂಗೇನ್ ವಯಸ್ಸಾಗೋಯ್ತಾ?” ಎಂದು ತಾಯಿಗೆ ಹೇಳಿ ನನ್ನ ಕಡೆ ನೋಡಿ ನಕ್ಕ. ಅವನಿಗೆ ಚೀಟಿಯ ಗುಟ್ಟೆಲ್ಲ ಗೊತ್ತು ಅನಿಸಿತು. ಅವನ ಮುಖ ಚೆನ್ನಾಗಿಯೇ ಇದೆ. ಆ ಮಾತು ಆಮೇಲೆ.

ಈಗ ತಿಳಿಯಿತೇ? ನನ್ನ ಲಗ್ನದ ದಿನ ನಿನ್ನ ಕೈಯಲ್ಲಿದೆ. ‘ಇನ್ನು ಸಾಕು’ ಎಂದು ಮಲಗಿದರೆ ಮರಿತಾಯಮ್ಮ ನೇರವಾಗಿ ಮಳವಳ್ಳಿಗೆ ಬಂದು ನಿನ್ನ ಕೂದಲು ಹಿಡಿಯುತ್ತಾಳೆ. ಇದರ ಜೊತೆ ಚೀಟಿಗಳ ಕಟ್ಟು ಇದೆ. ಇನ್ನು ಬರೆದು ಕಳಿಸುವವಳು ನಾನು, ಅಂಟಿಸುವವಳು ನೀನು. ಎಲ್ಲಕ್ಕಿಂತ ಮೇಲಿರುವ ಮಾಸಿದ ಚೀಟಿ ಹಳೆಯದು, ‘ರೆಸ್ಟ್‌ಲೆಸ್’. ಅಪ್ಪ ಎಲ್ಲವನ್ನೂ ಕಿತ್ತ ದಿನ ಅದು ಕೆಳಗೆ ಬಿದ್ದಿತ್ತಂತೆ. ಅಜ್ಜಿ ಎತ್ತಿ ತನ್ನ ಸೆರಗಿಗೆ ಗಂಟು ಹಾಕಿಕೊಂಡು ಇಷ್ಟು ದಿನ ಇಟ್ಟುಕೊಂಡಿದ್ದಳು. ಮೊನ್ನೆ ಬಿಚ್ಚಿ, ಇದರಲ್ಲಿ ಏನಿದೆ ಎಂದು ಕೇಳಿದಳು. ಒಂದು ಕಡೆ ಕೂರಲಾಗದೆ ಚಡಪಡಿಸುವುದು ಎಂದೆ. “ಅದ್ಕೇ ಮತ್ತೆ, ವರ್ಸೆಲ್ಲಾ ನಂಗ್ ಕುಂತ್ರೆ ಕೂರಂಗಿಲ್ಲ ನಿಂತ್ರೆ ನಿಲ್ಲಂಗಿಲ್ಲ! ತಕ್ಕಂಡೋಗ್ ಅವಳ್ಗೇ ಕಳ್ಸು,” ಎಂದಳು. ಹಾಗಾಗಿ ಕಳಿಸಿದ್ದೇನೆ.

ಇನ್ನೊಂದು. ಬರುವ ಮಾರ್ಚಿಗೆ ನೀನು ಬೆಳಗಿನ ಬಸ್ಸನ್ನು ನಂಬಬೇಕಾಗಿಲ್ಲ. “ಆ ಉಡುಗಿ ಪರೀಕ್ಸೆಗ್ ಒಂದಿನ ಮುಂಚೇನೇ ಬಂದ್ ಇಲ್ಲೇ ಮಲೀಕೊಳ್ಲಿ, ಬೆಳ್ಗೆ ನಾನೇ ರೈಲ್ ಅತ್ತುಸ್ತೀನಿ. ಅವ್ರವ್ವಂಗೂ ನಾನೇ ಓಗ್ ಯೋಳ್ತೀನಿ,” ಎಂದು ಅಪ್ಪ ಹೇಳಿದ. ಅಷ್ಟು ಹೇಳಿ, ಒಳಗೆ ಹೋಗಿ ನನ್ನ ಕಟ್ಟಿನಿಂದ ಬಾಗಿಲಿನ ಚೀಟಿ ಕೇಳಿ ಇಸಿದುಕೊಂಡು, ಗಂಜಿ ಹಚ್ಚಿ ಬಾಗಿಲಿಗೆ ಅಂಟಿಸಿದ. ಕಿತ್ತ ಜಾಗದಲ್ಲೇ. ‘ಡೋರ್’ ತಲೆಕೆಳಗಾಗಿದೆ. ನಾನು ಸರಿಮಾಡಿಲ್ಲ, ನೀನು ಬಂದು ನೋಡು.

ದಾರಿ ಕಾಯುವ
ದೇವಿರಮ್ಮ